ರೆಫ್ರಿ ಮೊಮ್ಮಗಳೂ ಮಾತು ಬಿಟ್ಟ ಬೀಗಿತ್ತಿಯೂ

ನಿಮ್ಮನ್ನ ಕೊನೇ ಸಲ ಯಾರು ಚೆನ್ನಾಗಿ ಛೇಡಿಸಿದ್ರು, ಒಸಿ ಜ್ಞಾಪಿಸ್ಕೊಂಡು ಹೇಳಿ ನೋಡಾನ? ಬೈದಿದ್ದಲ್ಲ ಕಣ್ರಪ್ಪ, ಬೈಯೋರಿಗೇನು ಬರ ಇಲ್ಲ. ಹೊಗಳಿದ್ದೂ ಅಲ್ಲ, ಹೊಗಳೋರು ಎಲೆಕ್ಷನ್ ಬಂದ್ರೆ ಮನೆ ಬಾಗ್ಲಿಗೇ ಬತ್ತಾರೆ. ನೀವೊಂದು ಮಾತು ಎಸೆದ್ರೆ ಅದನ್ನ ನೆಲಕ್ಕೆ ಬೀಳದಂಗೆ ಹಿಡಿದು, ಎರಡರಷ್ಟು ಜೋರಾಗಿ ತಿರುಗಿ ನಿಮ್ಮ ಮೇಲೇ ಎಸೆದು, ನಿಮ್ ಬಾಯಿ ಮುಚ್ಸಿ, ಆಮೇಲೆ ಇಬ್ರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು, ಅಂಥದ್ದು ಯಾವಾಗ? ಜ್ಞಾಪಕ ಬರ್ನಿಲ್ವಾ? ಹಂಗಾರೆ ಬನ್ನಿ, ನನ್ ಪಕ್ಕ ಕುಂತ್ಕೊಳ್ಳಿ. ಜಾಗ ಬೇಕಾದಷ್ಟೈತೆ.

ನನ್ ಕಷ್ಟ ಏನು ಅಂತ ಮೊದ್ಲೇ ಹೇಳ್ಬುಡ್ತೀನಿ. ನಂಗೆ ಎಪ್ಪತ್ತೊಂದು ತುಂಬೈತೆ, ಮಂಡಿ ಒಸಿ ನೋಯ್ತದೆ, ಅದ್ ಬಿಟ್ರೆ ಚೆನ್ನಾಗೇ ಇವ್ನಿ. ಮನೇಲಿ ಮಗ, ಸೊಸೆ, ನಾನು, ವಾರದಲ್ಲಿ ಐದ್ ದಿನ ಮೊಮ್ಮಗಳು. ಎಲ್ರೂ ಒಳ್ಳೇರು. ಅದೇ ಕಷ್ಟ. ನಾನೇನಾರ ಕುಚೋದ್ಯ ಮಾಡಿದ್ರೆ ಮಗ "ಊಂ ಕಣವ್ವ" ಅಂತಾನೆ. ಸೊಸೆ ಲತಾ "ನೀವೊಬ್ರು ಅತ್ತೆ" ಅಂತ ನಕ್ಕು ಟಿಫನ್ ಡಬ್ಬಿ ಮುಚ್ಚಳ ಒತ್ತಿ ಗಾರ್ಮೆಂಟ್ಸ್ ಬಸ್ಸಿಗೆ ಓಡ್ತಾಳೆ. ಸೊಪ್ಪಿನೋಳಿಗೆ "ಏನವ್ವ, ಈ ದಂಟು ನನ್ ಜೊತೇಲಿ ಸ್ಕೂಲಿಗೆ ಬತ್ತಿತ್ತಲ್ಲ, ಇನ್ನೂ ಬದುಕೈತಾ?" ಅಂದ್ರೆ, ಅವಳು ಪಾಪ, ಬೇರೆ ಕಟ್ಟು ತೆಗೆದು ಕೊಡ್ತಾಳೆ. ಗ್ಯಾಸ್ ತರೋ ಹುಡ್ಗ ಕೈ ಮುಗೀತಾನೆ. ವಯಸ್ಸಾದೋರಿಗೆ ಎದುರುತ್ತರ ಕೊಡ್ಬಾರ್ದು ಅಂತ ಈ ಊರಿಗೆಲ್ಲ ಯಾರು ಪಾಠ ಮಾಡಿದ್ರೋ ಕಾಣೆ. ಮರ್ವಾದೆ ಕೊಟ್ಟು ಕೊಟ್ಟು ನನ್ನ ಒಂಟಿ ಮಾಡಿ ಕೂರ್ಸವ್ರೆ.

ಮೂರು ತಿಂಗ್ಳಿಂದೆ ಮೊಮ್ಮಗಳು ಚೈತ್ರ, ನನ್ ಮಗಳ ಮಗಳು, ಫೋನಲ್ಲಿ ಕನ್ನಡ ಒತ್ತೋದು ಹೇಳ್ಕೊಟ್ಲು. ಒಂದೇ ಬೆರಳಲ್ಲಿ ಒತ್ತೀನಿ, ರಾಗಿ ಕಲ್ಲು ಆರಿಸ್ದಂಗೆ. ಮನೆಯೋರ ಗುಂಪಿಗೆ ಒಂದು ತಮಾಷೆ ಬರೆದು ಕಳ್ಸಕ್ಕೆ ಮಧ್ಯಾಹ್ನ ಪೂರ್ತಿ ಹಿಡೀತದೆ. ಕಳ್ಸಿ, ಕನ್ನಡಕ ಹಾಕ್ಕೊಂಡು ಕಾಯ್ಕೊಂಡು ಕುಂತಿರ್ತೀನಿ. ಸಂಜೆ ಹೊತ್ಗೆ ಒಂದು ಹಳ್ದಿ ಮುಖ ಬತ್ತದೆ, ಹಲ್ಲು ಕಿರ್ಕೊಂಡು, ಕಣ್ಣಲ್ಲಿ ನೀರು ಹಾಕ್ಕೊಂಡು. ಆ ಮುಖ ಅಷ್ಟ್ ನಗ್ತದಲ್ಲ, ಅದನ್ನ ಕಳ್ಸಿದ ಮನ್ಸ ಒಸಿನಾದ್ರೂ ನಕ್ಕಿದ್ನಾ ಅಂತ ನಂಗೆ ಅನುಮಾನ.

ನಾನು ಮೊದ್ಲಿಂದ ಹಿಂಗೆ ಗೋಗರೆಯೋ ಹೆಂಗ್ಸಾಗಿರ್ನಿಲ್ಲ. ಒಂದು ಕಾಲ್ದಲ್ಲಿ ರಾಮನಗರದ ಸುತ್ಮುತ್ತ ಯಾರ ಮನೇಲಿ ಮದ್ವೆ ಆದ್ರೂ ಬೀಗರ ಪಂಕ್ತಿ ಕುಂತ ತಕ್ಷಣ "ಜಯಮ್ಮನ್ನ ಕರೀರಿ" ಅಂತಿದ್ರು. ಗಂಡಿನ ಕಡೆಯೋರು ಎಲೆ ಮುಂದೆ ಕುಂತ್ಕೊತಾರೆ, ಹೆಣ್ಣಿನ ಕಡೆ ಹೆಂಗಸ್ರು ನಾವು ನಿಂತ್ಕೊಂಡು ಅವರನ್ನ ಹಾಡಲ್ಲಿ ಜರೀತೀವಿ. ಬೀಗನ ಮೀಸೆ, ಬೀಗಿತ್ತಿ ಕುಪ್ಪಸ, ಮದ್ವೆ ಗಂಡಿನ ಸೋದರಮಾವ ಎಷ್ಟ್ ಸಲ ಪಾಯ್ಸ ಹಾಕಿಸ್ಕೊಂಡ ಅನ್ನೋದು, ಎಲ್ಲಾ ಪದದಲ್ಲಿ ಬತ್ತದೆ. ಪದ ಕಟ್ಟೋದು ದೊಡ್ ವಿಷ್ಯ ಅಲ್ಲ. ಜರೀಬೇಕು, ಆದ್ರೆ ಜರಿಸ್ಕೊಂಡೋನು ಎಲೆ ಬಿಟ್ಟು ಏಳ್ಬಾರ್ದು. ಇನ್ನೊಂದ್ ಹೋಳಿಗೆ ಹಾಕಿಸ್ಕೊಂಡು, "ಇವಳ ಬಾಯಿ ನೋಡ್ರಪ್ಪ" ಅಂತ ನಗ್ಬೇಕು. ಅದು ಬರೋದು ಕಷ್ಟ. ಈಗ ಮದ್ವೇಲಿ ಡಿಜೆ ಹಾಕ್ತಾರೆ. ಆ ಸದ್ದಲ್ಲಿ ಬೀಗನ್ನ ಜರೀಬೇಕು ಅಂದ್ರೆ ಚೀಟಿ ಬರೆದು ಕೊಡ್ಬೇಕು. ಹೋದ ವರ್ಷ ಮಾಗಡಿ ಮದ್ವೇಲಿ ಒಂದೇ ಒಂದ್ ಪದ ಹಾಡಕ್ಕೆ ಬಾಯಿ ತೆಗ್ದೆ. ಬಡಿಸೋ ಹುಡ್ಗಿ ಓಡ್ಬಂದು "ಏನ್ ಬೇಕಿತ್ತಜ್ಜಿ, ಅನ್ನಾನಾ?" ಅಂದ್ಲು.

ನನ್ ಜೀವಮಾನದಲ್ಲಿ ನಂಗೆ ಸರಿಸಮ ಅಂತ ಸಿಕ್ಕಿದ್ದು ಒಬ್ಳೇ ಒಬ್ಳು. ನನ್ ಮಗಳು ಸುಧಾನ ಕೂಟಗಲ್ಲಿಗೆ ಕೊಟ್ವಲ್ಲ, ಅಳಿಯನ ತಾಯಿ, ಚಿಕ್ಕತಾಯಮ್ಮ. ಇಪ್ಪತ್ತೈದು ವರ್ಷದಿಂದೆ ವೀಳ್ಯಶಾಸ್ತ್ರದ ದಿನ ನಾನು ಸುಮ್ಕೆ ಒಂದು ಬಾಣ ಬಿಟ್ಟು ನೋಡ್ದೆ: "ಗಂಡಿನ ಅವ್ವ ಕನ್ನಡಿ ಬಿಟ್ಟು ಏಳಲೊಲ್ಲಳು, ಮದ್ವೆ ಮಗನಿಗೋ ಅವಳಿಗೋ" ಅಂತ. ಪಂಕ್ತಿಯೆಲ್ಲ ನಕ್ತು. ಆ ಯಮ್ಮ ತಲೆ ಎತ್ತಲಿಲ್ಲ, ಅನ್ನ ಕಲಸ್ತಾನೇ ಅದೇ ರಾಗದಲ್ಲಿ, "ಹೆಣ್ಣಿನ ಅವ್ವನ ಬಾಯಿಗೆ ಬಾಗ್ಲು ಇಡ್ಸಿ, ಚಿಲ್ಕ ನಮ್ ಹುಡ್ಗನಿಗೆ ಉಡುಗೊರೆ ಕೊಡಿ" ಅಂದ್ಬುಟ್ಲು! ಅವತ್ತು ನಮ್ ಯಜಮಾನ್ರು, ಈಗಿಲ್ಲ ಅವರು, ಬಸ್ಸಲ್ಲಿ ವಾಪಸ್ ಬರ್ವಾಗ "ಹುಡ್ಗ ಒಪ್ಗೆನಾ?" ಅಂತ ಕೇಳುದ್ರು. "ಹುಡ್ಗನ್ನ ಸರಿಯಾಗ್ ನೋಡ್ನಿಲ್ಲ, ಬೀಗಿತ್ತಿ ಒಪ್ಗೆ" ಅಂದೆ. ದೇವ್ರಾಣೆ, ಮಗಳ ಮದ್ವೆಗಿಂತ ಹೆಚ್ಚಾಗಿ ನಂಗೊಬ್ಳು ಸಿಕ್ಕುದ್ಲಲ್ಲ ಅನ್ನೋ ಖುಷೀಲಿ ನಾನು ಆ ತಿಂಗ್ಳೆಲ್ಲ ಪದ ಕಟ್ಕೊಂಡು ಓಡಾಡ್ದೆ.

ಆಮೇಲೆ ಮದ್ವೇಲಿ ಏನಾಯ್ತು ಅನ್ನೋದನ್ನ ನಾನಾಗಿ ಯಾರಿಗೂ ಹೇಳಿರ್ನಿಲ್ಲ. ಅದನ್ನ ಬಾಯಿ ಬಿಡ್ಸಿದ್ದು ರಗ್ಬಿ.

ರಗ್ಬಿ ಅಂದ್ರೆ ಗೊತ್ತಿಲ್ದೋರಿಗೆ ಹೇಳ್ತೀನಿ. ನಮ್ ಕಡೆ ರೇಷ್ಮೆ ಗೂಡು ನೋಡಿದ್ದೀರಲ್ಲ, ಅದಕ್ಕೆ ಗಾಳಿ ಹೊಡ್ದು ಕುಂಬಳಕಾಯಿ ಗಾತ್ರ ಮಾಡಿದ್ರೆ ಅದೇ ಚೆಂಡು. ಅದನ್ನ ತಬ್ಕೊಂಡು ಒಬ್ಳು ಓಡ್ತಾಳೆ, ಮಿಕ್ಕೋರೆಲ್ಲ ಅವಳ ಮೇಲೆ ಬೀಳ್ತಾರೆ. ಓಡೋದು ಮುಂದಕ್ಕೆ, ಚೆಂಡು ಎಸೆಯೋದು ಮಾತ್ರ ಹಿಂದಕ್ಕೆ. ಮುಂದಕ್ಕೆ ಎಸೆದ್ರೆ ತಪ್ಪಂತೆ. ಇದು ಕೇಳಿದಾಗ ನಂಗನ್ನಿಸ್ತು, ಇದು ನಮ್ ವಯಸ್ಸಿನೋರ ಆಟ ಕಣವ್ವ, ದಿನ ಮುಂದಕ್ಕೆ ಹೋಯ್ತಾ ಇರ್ತದೆ, ಕೈಲಿರೋದೆಲ್ಲ ಹಿಂದಕ್ಕೇ ಎಸೀತಾ ಇರ್ತೀವಿ. ಚೈತ್ರ ಕಾಲೇಜಲ್ಲಿ ಇದನ್ನ ಆಡ್ದೋಳು. ಈಗ ರಾಮನಗರದ ಒಂದು ಸ್ಕೂಲಲ್ಲಿ ಪಿಟಿ ಟೀಚರ್, ಅದಕ್ಕೇ ಸೋಮವಾರದಿಂದ ಶುಕ್ರವಾರದ ಗಂಟ ನಮ್ಮನೇಲಿರೋದು. ರಜಾ ದಿನ ಪೀಪಿ ಕತ್ತಿಗೆ ನೇತು ಹಾಕ್ಕೊಂಡು ರೆಫ್ರಿ ಆಗಿ ಹೋಯ್ತಾಳೆ.

ಒಂದಿನ ಸಂಜೆ ಮುಖ ಇಳಿ ಬಿಟ್ಕೊಂಡು ಬಂದು ನನ್ ಮಂಚದ ಮೇಲೆ ಬಿದ್ಕೊಂಡ್ಲು. "ಏನಾಯ್ತೇ?" ಅಂದೆ.

"ಅಜ್ಜಿ, ರೆಫ್ರಿಗಳಿಗೆ ಮಾರ್ಕ್ಸ್ ಕೊಡೋ ಮೇಡಂ ಬಂದಿದ್ರು. ರೂಲ್ಸೆಲ್ಲ ಸರಿಯಾಗಿ ಗೊತ್ತು, ಪೀಪಿ ಸರಿಯಾಗಿ ಊದ್ತೀರಿ, ಆದ್ರೆ ಮಕ್ಳು ನಿಮ್ಮನ್ನ ಕಂಡ್ರೆ ಪೊಲೀಸ್ ಕಂಡಂಗೆ ಆಡ್ತಾರೆ, ನಿಮ್ ಬಾಯಿಗೆ ಏನಾಗಿದೆ ಅಂದ್ರು. ಮುಂದಿನ್ ತಿಂಗ್ಳು ಚನ್ನಪಟ್ಣದಲ್ಲಿ ಮ್ಯಾಚಿದೆ. ಅದ್ರಲ್ಲೂ ಹಿಂಗೇ ಆದ್ರೆ ದೊಡ್ಡ ಮ್ಯಾಚಿಗೆ ನನ್ನ ಹಾಕಲ್ವಂತೆ."

"ಬಾಯಿಗೂ ಮಾರ್ಕ್ಸ್ ಐತಾ ನಿಮ್ಮಲ್ಲಿ?"

"ಐತಜ್ಜಿ! ನೋಡಿಲ್ಲಿ" ಅಂತ ಫೋನ್ ಹಿಡ್ದು ಪರದೇಶದ ಆಟ ತೋರ್ಸುದ್ಲು. ಒಬ್ಬೊಬ್ಬನೂ ಒಂದೊಂದು ಲಾರಿ ಎಂಜಿನ್ ಇದ್ದಂಗವ್ನೆ. ಮಧ್ಯದಲ್ಲಿ ಒಬ್ಬ ಸಣ್ಕ, ನಮ್ ಗ್ಯಾಸ್ ಹುಡ್ಗನಷ್ಟೂ ಇಲ್ಲ, ಅವ್ನೇ ರೆಫ್ರಿ. ಅವ್ನ ಅಂಗಿಗೆ ಮೈಕು ಸಿಗ್ಸವ್ರೆ, ಆಡೋ ಮಾತೆಲ್ಲ ಊರಿಗೇ ಕೇಳ್ತದೆ. ಇಬ್ರು ದಾಂಡಿಗರು ಕುತ್ಗೆಪಟ್ಟಿ ಹಿಡ್ಕೊಂಡ್ರು. ಈ ಸಣ್ಕ ಓಡೋಗಿ ಏನೋ ಅಂದ, ಇಬ್ರೂ ಕೈ ಬಿಟ್ಟು ನಗ್ತಾ ಹೊಂಟೋದ್ರು. "ಏನಂದ?" ಅಂದೆ. "ಇಬ್ರಿಗೂ ಬೇರೆ ಬೇರೆ ಬೆಂಚ್ ಹಾಕಿಸ್ಲಾ, ಇಲ್ಲಾ ಅಪ್ಪ ಅಮ್ಮನ್ನ ಕರ್ಕೊಂಡ್ ಬತ್ತೀರಾ ಅಂದ" ಅಂತ ಚೈತ್ರ ಹೇಳುದ್ಲು. ಇನ್ನೊಬ್ಬ ದೊಡ್ ಮನ್ಸ ಬಿದ್ದು, ಹೊರಳಾಡಿ, ನನ್ನ ತಳ್ಳುದ್ರು ಅಂತ ಗೋಳು ಹೊಯ್ಕೊತಾವ್ನೆ. ರೆಫ್ರಿ ಬಗ್ಗಿ, ಗಾಳಿ ಜೋರೈತೆ ಕಣಪ್ಪ, ಸ್ವೆಟರ್ ಹಾಕ್ಕೊಂಡ್ ಬಾ ಅಂದ್ನಂತೆ. ಬಿದ್ದೋನೇ ನಕ್ಕು ಎದ್ದ.

ನಂಗೆ ಮೈಯೆಲ್ಲ ಜುಂ ಅಂತು. ಎಲೆ ಬಿಟ್ಟು ಏಳದಂಗೆ ಜರಿಯೋ ವಿದ್ಯೆ, ನಮ್ ವಿದ್ಯೆ, ಚಡ್ಡಿ ಹಾಕ್ಕೊಂಡು ಪರದೇಶದಲ್ಲಿ ಓಡಾಡ್ತಾ ಐತೆ!

ಅವತ್ತಿಂದ ಪಾಠ ಶುರು. ಎಷ್ಟೋ ವರ್ಷದ ಮೇಲೆ ನನ್ನ ಹತ್ರ ಒಬ್ರು ಏನೋ ಕಲಿಯಕ್ಕೆ ಬಂದವ್ರೆ, ಬಿಡ್ತೀನಾ? ಹಾಲಲ್ಲಿ ಸೋಫಾ ಪಕ್ಕಕ್ಕೆ ತಳ್ಳಿ, ದಿಂಬನ್ನ ಚೆಂಡು ಮಾಡಿ, ಲತಾನ ದಾಂಡಿಗಿತ್ತಿ ಮಾಡಿದ್ವಿ. "ಮೊದ್ಲು ಹೆಸ್ರು ಹಿಡಿದು ಕರಿ" ಅಂದೆ. ಹೆಸ್ರಿಲ್ದೆ ಜರಿದ್ರೆ ಅದು ಬೈಗ್ಳು, ಹೆಸ್ರು ಸೇರ್ಸಿದ್ರೆ ನೆಂಟಸ್ತನ. ಜರಿಯೋಕ್ ಮುಂಚೆ ನಿನ್ನ ನೀನೇ ಒಸಿ ಜರ್ಕೊ. ನಾನು ಯಾವಾಗ್ಲೂ ನನ್ ಕುಳ್ಳು, ನನ್ ಕಪ್ಪು, ಎರಡನ್ನೂ ಮೊದ್ಲ ಪದದಲ್ಲೇ ಹಾಡಿ ಮುಗಿಸ್ತಿದ್ದೆ, ಆಮೇಲೆ ಬೀಗನ ಹೊಟ್ಟೆಗೆ ಕೈ ಹಾಕ್ತಿದ್ದೆ. ಗಟ್ಟಿ ಇರೋನ್ನ ಜರಿ, ಸೋತು ಕುಂತಿರೋನ ತಂಟೆಗೆ ಹೋಗ್ಬ್ಯಾಡ. ಚೈತ್ರ ಪುಸ್ತಕದಲ್ಲಿ ಬರ್ಕೊಂಡ್ಲು. ಲತಾ ದಿಂಬು ತಬ್ಕೊಂಡು ನಿಂತಿದ್ದೋಳು, "ಅತ್ತೆ, ಕುಕ್ಕರ್ ಮೂರ್ ಕೂಗಾಯ್ತು, ರೆಫ್ರೀನ ಕೇಳಿ ನನ್ನ ಬುಡ್ಸಿ" ಅಂದ್ಲು. ಪರವಾಗಿಲ್ವೇ ಇವಳು ಅನ್ನಿಸ್ತು ನಂಗೆ. ಆದ್ರೆ ನಾನು ತಿರುಗಿ ಒಂದು ಅನ್ನೋಷ್ಟರಲ್ಲಿ ಅಡ್ಗೆಮನೆಗೆ ಹೊಂಟೋಗಿದ್ಲು.

ಹಿಂಗೇ ಒಂದಿನ ಚೈತ್ರ ಪೆನ್ನು ಕಚ್ಕೊಂಡು ಕೇಳುದ್ಲು. "ಅಜ್ಜಿ, ಜೋಕು ತಪ್ಪಾಗೋದ್ರೆ? ನಾವು ನಗ್ಲಿ ಅಂತ ಅಂದಿದ್ದು ಅವರಿಗೆ ಚುಚ್ಚಿಬಿಟ್ರೆ?"

"ಇನ್ನೊಂದು ಜೋಕು ಮಾಡಿ ಮುಚ್ಬುಡ್ಬೇಕು" ಅಂದೆ.

"ಇಲ್ಲಜ್ಜಿ. ನಮ್ಮಲ್ಲಿ ರೆಫ್ರಿ ತಪ್ಪು ಮಾಡಿದ್ರೆ ಎಲ್ರ ಮುಂದೆನೇ ನನ್ ತಪ್ಪು ಅನ್ಬೇಕು. ಅಲ್ಲೇ, ಆಗ್ಲೇ. ಲೇಟಾದ್ರೆ ಆಮೇಲೆ ಯಾರೂ ನಂಬಲ್ಲ." ಆಮೇಲೆ ನನ್ ಮುಖ ನೋಡಿ, ಮೆತ್ಗೆ, "ಕೂಟಗಲ್ ಅಜ್ಜಿ ನಿನ್ ಹತ್ರ ಯಾಕ್ ಮಾತಾಡಲ್ಲ?" ಅಂದ್ಬುಟ್ಲು.

ಹೇಳ್ಬೇಕಾಯ್ತು. ಮದ್ವೆ ದಿನ ಚತ್ರದಲ್ಲಿ ಬೀಗರ ಪಂಕ್ತಿ ಕುಂತಿತ್ತು. ವಾಲಗದೋರ ಮೈಕು ಕೈಗೆ ಸಿಕ್ತು, ನಂಗೆ ಇನ್ನೇನ್ ಬೇಕು. ಬೀಗಿತ್ತಿ ಒಬ್ಬಟ್ಟು ಕದ್ದು ಸೆರಗಲ್ಲಿ ಕಟ್ಕೊತಾಳೆ ಅಂತ ಹಾಡೋದು ನಮ್ ಕಡೆ ಇದ್ದಿದ್ದೇ, ಪ್ರತಿ ಮದ್ವೇಲೂ ಪ್ರತಿ ಬೀಗಿತ್ತಿಗೂ ಅಂತೀವಿ, ಯಾವ ಬೀಗಿತ್ತೀನೂ ಕದ್ದಿರಲ್ಲ, ಅದಕ್ಕೇ ನಗು. ನಾನೂ ಅಂದೆ.

ಏಳೂರ ದಾಟ್ಬಂದ ಬೀಗಿತ್ತಿ ನೋಡಿರೆ
ಎಲೆಗೆ ಬಿದ್ದದ್ದು ಬಾಯಿಗೆ ಹೋಗ್ನಿಲ್ಲ
ಸೆರಗಿನ ಗಂಟು ದಪ್ಪಾಯ್ತು, ಸೋಬಾನೆ

ಚತ್ರವೆಲ್ಲ ಅವಳ ಸೆರಗಿನ ಕಡೆ ತಿರುಗ್ತು. ಚಿಕ್ಕತಾಯಮ್ಮ ತಿರುಗಿ ಹಾಡ್ತಾಳೆ ಅಂತ ನಾನು ಮೈಕು ಅವಳ ಕಡೆಗೇ ಚಾಚ್ದೆ. ಅವಳು ಹಾಡ್ನಿಲ್ಲ. ಎದ್ದು ನಿಂತ್ಲು. ಎದ್ದ ರಭಸಕ್ಕೆ ಸೆರಗಿನ ಗಂಟು ಬಿಚ್ಕೊಂಡು, ಬಾಳೆಲೆ ಚೂರಲ್ಲಿ ಸುತ್ತಿದ್ದ ಎರಡು ಒಬ್ಬಟ್ಟು ಕೆಳಕ್ಕೆ ಬಿತ್ತು. ನಿಜ್ವಾದ ಒಬ್ಬಟ್ಟು. ಚತ್ರದೋರು ಇದೂ ಆಟದಲ್ಲಿ ಸೇರೈತೆ ಅಂತ ಚಪ್ಪಾಳೆ ಹೊಡೆದು ನಕ್ರು. ಅವಳು ನನ್ನ ಒಂದು ಸಲ ನೋಡಿ, ಕೈ ತೊಳ್ಯೋಕೆ ಹೊಂಟೋದ್ಲು. ಕೂಟಗಲ್ಲಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಿದ್ರಂತೆ. ಮೊಮ್ಮಗನ ಮದ್ವೆ ಒಬ್ಬಟ್ಟು ಒಂದ್ ಚೂರು ತಗೊಂಡ್ ಬಾ ಅಂದಿದ್ರಂತೆ. ಕೇಳಿದ್ರೆ ಬುಟ್ಟಿ ತುಂಬ ಕೊಡ್ತಿದ್ವಿ. ಆದ್ರೆ ಗಂಡಿನ ತಾಯಿ ಮೊದ್ಲ ದಿನಾನೇ ಹೆಣ್ಣಿನ ಮನೇರ ಹತ್ರ ತಿಂಡಿ ಕೇಳದು ಹೆಂಗೆ? ಸಂಕೋಚ. ಇದೆಲ್ಲ ನಂಗೆ ಗೊತ್ತಾಗಿದ್ದು ವಾರ ಕಳೆದ ಮೇಲೆ, ಸುಧಾ ಹೇಳಿ. ಆಮೇಲೆ ಬುಟ್ಟಿ ತುಂಬ ಒಬ್ಬಟ್ಟು ಕಳ್ಸುದ್ವಿ. ಬುಟ್ಟಿ ಹಂಗೇ ವಾಪಸ್ ಬಂತು, ಮೇಲೆ ಮುಚ್ಚಿದ್ದ ಬಟ್ಟೆ ಗಂಟೂ ಬಿಚ್ಚಿರ್ನಿಲ್ಲ.

"ಆಮೇಲೆ ನೀನು ಸಾರಿ ಕೇಳ್ಳಿಲ್ವಾ?" ಅಂದ್ಲು ಚೈತ್ರ.

ಕೇಳ್ಬೇಕು ಅಂತ ಪ್ರತೀ ಸಲ ಹೋಗ್ತಿದ್ದೆ ಕಣ್ರಪ್ಪ. ಅವಳ ಮುಖ ಕಂಡ ತಕ್ಷಣ ನಾಲ್ಗೆ ತುದೀಗೆ ಸಾರಿ ಬದ್ಲು ಒಂದು ಜೋಕು ಬಂದು ನಿಂತ್ಕೊತಿತ್ತು. ನನ್ ನಾಲ್ಗೆ ಪಳಗಿರೋದೇ ಹಂಗೆ. ಅವಳು ಜೋಕಿನ ಮೊದ್ಲ ಅಕ್ಷರಕ್ಕೇ ಮುಖ ತಿರುಗಿಸ್ತಿದ್ಲು. ಹಂಗಂತ ಜಗಳ ಏನಿಲ್ಲ. ಹಬ್ಬ ಹುಣ್ಣಿಮೆಗೆ ಹೋಗ್ತೀವಿ, ಬತ್ತೀವಿ. ನನ್ನ ಮುಂದೇನೇ ಕುಂತ್ಕೊಂಡು ಹಟ್ಟಿ ಮುಂದೆ ಕಟ್ಟಿರೋ ಹಸೀಗೆ "ಬಂದೋರು ಕಾಫಿ ಕುಡೀತಾರಾ ಕೇಳು" ಅಂತಾಳೆ. ಚೈತ್ರ ಮಾತು ಕಲ್ತ ಮೇಲೆ ಹಸೀಗೆ ಆ ಕೆಲ್ಸ ತಪ್ತು. "ನಿನ್ ರಾಮನಗರದ ಅಜ್ಜಿಗೆ ಹೇಳು, ಬಸ್ಸಿಗೆ ಹೊತ್ತಾಯ್ತು ಅಂತ." ನಾನು, "ಹೊತ್ತಾದ್ರೆ ಇಲ್ಲೇ ಬಿದ್ಕೊತೀನಿ, ನಿಮ್ಮಪ್ಪನ ಮನೆ ಗಂಟು ಹೋಗಲ್ಲ ಅನ್ನು" ಅಂತಿದ್ದೆ. ಆ ಮಗ ಮೂರು ಹೆಜ್ಜೆ ನಡ್ದು, "ಅಜ್ಜಿ ಇವತ್ತು ಇಲ್ಲೇ ಇರ್ತಾರಂತೆ, ನಿಮ್ಮನ್ನ ಕಂಡ್ರೆ ಇಷ್ಟವಂತೆ" ಅಂತ ತಲುಪಿಸ್ತಿತ್ತು. ದಾರೀಲಿ ಸಕ್ಕರೆ ಬೆರಸ್ತಿತ್ತು. ರೆಫ್ರಿ ಕೆಲ್ಸ ಅವಳು ಯಾವ ಕಾಲೇಜಲ್ಲೂ ಕಲೀನಿಲ್ಲ. ಐದು ವರ್ಷಕ್ಕೇ ನಾವಿಬ್ರು ಮುದುಕೀರು ಅವಳ ಕತ್ತಿಗೆ ಪೀಪಿ ಕಟ್ಟಿದ್ವಿ.

ಮ್ಯಾಚಿನ ದಿನ ಭಾನುವಾರ ಬೆಳಿಗ್ಗೆ ಚನ್ನಪಟ್ಣದ ಮೈದಾನಕ್ಕೆ ಹೋದ್ರೆ, ಸಿಮೆಂಟ್ ಮೆಟ್ಲ ಮೇಲೆ ಚಿಕ್ಕತಾಯಮ್ಮ ಆಗ್ಲೇ ಕುಂತವ್ಳೆ! ತೊಡೆ ಮೇಲೆ ಒಂದು ಸ್ಟೀಲ್ ಡಬ್ಬಿ, ಪಕ್ಕದಲ್ಲಿ ವೈರ್ ಬ್ಯಾಗು. ಚೈತ್ರ ಇಬ್ರನ್ನೂ ಕರ್ದವ್ಳೆ ಕಳ್ಳಿ, ಒಬ್ರು ಬರೋದು ಇನ್ನೊಬ್ರಿಗೆ ಹೇಳಿಲ್ಲ. ಇರೋದು ಅದೊಂದೇ ಕಡೆ ನೆರಳು. ನಾನೂ ಅಲ್ಲೇ ಕುಂತೆ. ಅವಳು ವೈರ್ ಬ್ಯಾಗ್ ಎತ್ತಿ ನಮ್ಮಿಬ್ರ ಮಧ್ಯಕ್ಕೆ ಮಡಗುದ್ಲು. ಗಡಿ.

ಹುಡ್ಗೀರ ಆಟ. ನೀಲಿ ಅಂಗಿ ಏಳು ಜನ, ಕೆಂಪು ಅಂಗಿ ಏಳು ಜನ. ಏಳು ನಿಮಿಷ ಆಡಿ, ಒಸಿ ಸುಧಾರಿಸ್ಕೊಂಡು, ಇನ್ನೇಳು ನಿಮಿಷ. ಮಾರ್ಕ್ಸ್ ಮೇಡಂ ಟೋಪಿ ಹಾಕ್ಕೊಂಡು ಗೆರೆ ಹತ್ರ ಪುಸ್ತಕ ಹಿಡ್ದು ನಿಂತಿದ್ರು. ಶುರುವಾದ ತಕ್ಷಣ ನೀಲಿ ಕಡೆ ದಪ್ಪಗಿರೋ ಒಬ್ಳು ಕೆಂಪು ಹುಡ್ಗೀನ ಕೆಡವಿ, ಅವಳ ಬೆನ್ ಮೇಲೆ ಕುಂತ್ಕೊಂಡೇ "ಮೇಡಂ, ನಂದೇನ್ ತಪ್ಪು? ನಾನೇನ್ ಮಾಡ್ದೆ?" ಅಂತ ವಾದಕ್ಕೆ ನಿಂತ್ಲು. ಚೈತ್ರ ಸೊಂಟಕ್ಕೆ ಕೈ ಇಟ್ಕೊಂಡು, "ಪವಿತ್ರಾ, ನಿನ್ ವಾದ ಪೂರ್ತಿ ಕೇಳ್ತೀನಿ ಕಣಮ್ಮ. ನಂಗೂ ಓಡಿ ಓಡಿ ಸುಸ್ತಾಗಿದೆ. ಮೊದ್ಲು ಆ ಸೋಫಾ ಬಿಟ್ಟು ಏಳು" ಅಂದ್ಲು. ಕೆಳಗೆ ಬಿದ್ದಿದ್ದೋಳೂ ನಕ್ಬುಟ್ಲು. ಹೆಸ್ರು ಹಿಡಿದ್ಲು, ತನ್ನ ಜರ್ಕೊಂಡ್ಲು, ಗಟ್ಟಿ ಇರೋಳ್ನ ಆರ್ಸುದ್ಲು! ನಾನು ಮಂಡಿ ನೋವು ಮರ್ತು ಎದ್ದು ಚಪ್ಪಾಳೆ ಹೊಡೆದೆ. ಮಾರ್ಕ್ಸ್ ಮೇಡಂ ತಿರುಗಿ ನೋಡಿದ್ಮೇಲೆ ಸೊಳ್ಳೆ ಹೊಡೆದಂಗೆ ಮಾಡಿ ಕುಂತೆ.

ಆಮೇಲೆ ಅದಾಯ್ತು. ಕೆಂಪು ಕಡೆ ಒಂದು ಪೀಚಲು ಹುಡ್ಗಿ, ಶೂ ಲೇಸು ಕಟ್ಕೊಬೇಕು ಅಂತ ಎರಡು ಸಲ ಆಟ ನಿಲ್ಸಿದ್ಲು. ಮೂರ್ನೇ ಸಲ ನಮ್ ಮುಂದೇನೇ ಕುಕ್ಕರುಗಾಲಲ್ಲಿ ಕುಂತ್ಲು. ಚೈತ್ರ ಬಂದು, "ಏನಮ್ಮ ರೇಖಾ, ಆಟಕ್ ಬಂದ್ಯಾ, ಹೂ ಕಟ್ಟಕ್ ಬಂದ್ಯಾ? ಇನ್ನೆಷ್ಟು ಮೊಳ ಇದೆ?" ಅಂದ್ಲು. ಎರಡೂ ಕಡೆಯೋರು ಹೋ ಅಂತ ನಕ್ರು. ಆ ಹುಡ್ಗಿ ನಗ್ನಿಲ್ಲ. ಶೂ ಎಳ್ಕೊಳ್ಳೋವಾಗ ಅದ್ರೊಳ್ಗಿಂದ ತುರುಕಿದ್ದ ಬಟ್ಟೆ ಚೂರು ಈಚೆ ಬಂತು. ಯಾರದೋ ದೊಡ್ಡೋರ ಶೂ, ಕಾಲಿಗೆ ಆಗಲ್ಲ. ಆ ಮಗ ಬೇಗ್ ಬೇಗ್ನೆ ಬಟ್ಟೇನ ಒಳಕ್ಕೆ ತುರುಕ್ತಾ ತಲೆ ತಗ್ಗಿಸ್ತು.

ಆ ಬಟ್ಟೆ ಚೂರು ಕಂಡ ತಕ್ಷಣ ನನ್ ಕಣ್ಗೆ ಬಾಳೆಲೆ ಚೂರು ಕಾಣಿಸ್ತು. ಪಕ್ಕದಲ್ಲಿ ಚಿಕ್ಕತಾಯಮ್ಮ ಡಬ್ಬೀನ ಹತ್ರಕ್ಕೆ ಎಳ್ಕೊಂಡ್ಲು. ನಾನು ಆ ಕಡೆ ನೋಡ್ನಿಲ್ಲ, ನೋಡೋ ಧೈರ್ಯ ಇರ್ನಿಲ್ಲ.

ಚೈತ್ರಾನೂ ಅದನ್ನ ನೋಡುದ್ಲು. ಪೀಪಿ ಊದಿ ಗಡಿಯಾರ ನಿಲ್ಸಿ, ಎಲ್ರಿಗೂ ಕೇಳೋ ಹಂಗೆ, "ಇದು ನನ್ ತಪ್ಪು. ನೋಡ್ದೆ ಮಾತಾಡ್ಬುಟ್ಟೆ. ಸಾರಿ ರೇಖಾ" ಅಂದು, ಮಣ್ಣಲ್ಲಿ ಮಂಡಿ ಊರಿ, ಲೇಸನ್ನ ಕಾಲ್ಗೆ ಎರಡು ಸುತ್ತು ಸುತ್ತಿ ಗಟ್ಟಿ ಗಂಟು ಹಾಕುದ್ಲು. ಹುಡ್ಗಿ ಮೂಗು ಒರೆಸ್ಕೊಂಡ್ಲು. ಬಗ್ಗಿದ್ದ ರೆಫ್ರೀನ ಮೇಲಿಂದ ನೋಡಿ, "ಮೇಡಂ, ಹಂಗೇ ಇನ್ನೊಂದ್ ಕಾಲ್ದೂ ಕಟ್ಬುಡಿ" ಅಂದ್ಲು.

ಆಗ ನಕ್ರು ನೋಡಿ, ಅದು ನಗು. ಚೈತ್ರಾನೇ ಎಲ್ಲಾರ್ಗಿಂತ ಜೋರಾಗಿ ನಕ್ಲು. ಅರ್ಧ ನಿಮಿಷದ ಕೆಲ್ಸ. ನಾನು ಇಪ್ಪತ್ತೈದು ವರ್ಷದಲ್ಲಿ ಮಾಡಕ್ಕಾಗ್ದೇ ಇದ್ದಿದ್ದು.

ಮಧ್ಯದ ಬಿಡುವು ಬಂತು. ನೀಲಿಯೋರು ಒಂದು ಕಡೆ ದುಂಡಗೆ ಕುಂತು ಕಿತ್ಲೆ ಹಣ್ಣು ತಿಂತಾವ್ರೆ, ಕೆಂಪೋರು ಇನ್ನೊಂದು ಕಡೆ ಹೆಗಲ ಮೇಲೆ ಕೈ ಹಾಕ್ಕೊಂಡವ್ರೆ. ಅಷ್ಟೊಂದು ನಗ್ಸಿದ ನಮ್ ಹುಡ್ಗಿ ಮೈದಾನದ ನಟ್ಟನಡುವೆ ಒಬ್ಳೇ ನಿಂತು ಗಡಿಯಾರ ನೋಡ್ಕೊತಾವ್ಳೆ. ಆ ಕಡೆಗೂ ಹೋಗಂಗಿಲ್ಲ, ಈ ಕಡೆಗೂ ಹೋಗಂಗಿಲ್ಲ. ಎಲ್ರೂ ಅವಳನ್ನ ಮೆಚ್ಕೊಂಡವ್ರೆ, ಯಾರೂ ಪಕ್ಕಕ್ಕೆ ಕರೀತಿಲ್ಲ. ಮನೇಲಿ ಒಂಟಿ ಕೂರೋ ನಾನೇ ಹೋಗಿ ಅಲ್ಲಿ ನಿಂತಂಗಾಯ್ತು.

"ಮಗೀಗೆ ಯಾರೂ ಒಂದ್ ತೊಟ್ಟು ನೀರು ಕೊಡಾಕಿಲ್ವಾ?" ಅಂದ್ಲು ಚಿಕ್ಕತಾಯಮ್ಮ, ಮುಂದಿದ್ದ ಬೇಲೀಗೆ.

ಯಾವಾಗ್ಲೂ ಹಿಂಗೆ ಬೇಲೀಗೆ ಅಂದಿದ್ದನ್ನ ನಂಗೆ ತಂದು ಕೊಡೋಳು ಚೈತ್ರ. ಅವಳೀಗ ಮೈದಾನದ ಮಧ್ಯ ನಿಂತವ್ಳೆ. ತಲುಪ್ಸೋಕೆ ಯಾರೂ ಇಲ್ಲ. ನಾನೇ ಹೇಳ್ದೆ. "ರೆಫ್ರಿ ಇಬ್ರ ಹತ್ರಾನೂ ಈಸ್ಕೊಳ್ಳಲ್ವಂತೆ. ಒಬ್ರ ಹತ್ರ ಕುಡುದ್ರೆ ಅವರ ಪಾರ್ಟಿ ಅಂತಾರಂತೆ."

ಬೇಲಿ ಕಡೆಯಿಂದ ಉತ್ತರ ಬಂತು. "ನಾವೇನ್ ಯಾವ ಪಾರ್ಟೀನೂ ಅಲ್ವಲ್ಲ."

ಇಬ್ರೂ ಒಟ್ಗೇ ಎದ್ವಿ, ಕೈಲೊಂದೊಂದು ಬಾಟ್ಲು ಹಿಡ್ಕೊಂಡು. ಗೆರೆ ಹತ್ರ ಮಾರ್ಕ್ಸ್ ಮೇಡಂ "ಒಳಕ್ಕೆ ಹೋಗ್ಬೇಡಿ ಅಜ್ಜಿ" ಅಂತ ತಡುದ್ರು. ಬಿಳೀ ಗೆರೆ ಮೇಲೆ ಇಬ್ರೂ ಪಕ್ಕ ಪಕ್ಕ ನಿಂತ್ವಿ. ಚೈತ್ರ ನಮ್ಮನ್ನ ಹಂಗೆ ಒಟ್ಗೆ ಕಂಡಿದ್ದೇ ಇಲ್ಲ. ಓಡ್ಬಂದ್ಲು. ಬೀಗಿತ್ತಿ ಬಾಟ್ಲಲ್ಲಿ ಎರಡು ಗುಟುಕು, ನನ್ ಬಾಟ್ಲಲ್ಲಿ ಎರಡು ಗುಟುಕು, ಅಳ್ತೆ ತಪ್ಪದಂಗೆ ಕುಡ್ದು, ಬಾಯಿ ಒರ್ಸ್ಕೊಂಡು ಓಡೋದ್ಲು.

ಗೆರೆ ಮೇಲೆ ನಾವಿಬ್ರೇ ಉಳ್ಕೊಂಡ್ವಿ. ಏನ್ ಹೇಳ್ಲಿ, ಆಗ್ಲೂ ನಾಲ್ಗೆ ತುದೀಗೆ ಒಂದು ಒಳ್ಳೇ ಜೋಕು ಬಂದು ನಿಂತಿತ್ತು. ಭಾಳ ಒಳ್ಳೇದು. ನಿಮಗೂ ಹೇಳಲ್ಲ. ಮಾತ್ರೆ ನುಂಗ್ದಂಗೆ ನುಂಗ್ದೆ.

"ಬೀಗಿತ್ತಿ, ಅವತ್ತು ನಂದೇ ತಪ್ಪು" ಅಂದೆ. "ಸೆರಗು ನೋಡ್ದೆ ಹಾಡ್ಬುಟ್ಟೆ. ಅವತ್ತೇ ಮೈಕಲ್ಲೇ ಹೇಳ್ಬೇಕಿತ್ತು. ಹೇಳ್ನಿಲ್ಲ."

ಚೈತ್ರ ಪೀಪಿ ಊದುದ್ಲು, ಆಟ ಶುರುವಾಯ್ತು. ವಾಪಸ್ ಬಂದು ಮೆಟ್ಲ ಮೇಲೆ ಕುಂತ್ವಿ. ಕುಂತ್ಕೊಳ್ಳೋಕ್ ಮುಂಚೆ ಅವಳು ವೈರ್ ಬ್ಯಾಗ್ ಎತ್ತಿ ಆ ಕಡೆ ಪಕ್ಕಕ್ಕೆ ಮಡಗುದ್ಲು. ಎರಡನೇ ಏಳು ನಿಮಿಷದಲ್ಲಿ ಯಾರು ಗೆದ್ರು, ಯಾರು ಬಿದ್ರು ನಂಗೆ ಗೊತ್ತಿಲ್ಲ. ನಾನು ಬ್ಯಾಗ್ ಇಲ್ದೇ ಇದ್ದ ಆ ಖಾಲಿ ಜಾಗಾನೇ ನೋಡ್ತಾ ಕುಂತಿದ್ದೆ.

ಆಟ ಮುಗುದ್ಮೇಲೆ ಚೈತ್ರ ಹಲ್ಲು ಬಿಟ್ಕೊಂಡು ಬಂದ್ಲು. "ಅಜ್ಜೀರಾ, ಮೇಡಂ ದೊಡ್ಡ ಮ್ಯಾಚಿಗೆ ಹೆಸ್ರು ಬರ್ಕೊಂಡ್ರು! ಜೋಕಿಗಲ್ವಂತೆ, ಲೇಸಿಗಂತೆ!" ಚಿಕ್ಕತಾಯಮ್ಮ ಡಬ್ಬಿ ಮುಚ್ಚಳ ತೆಗುದ್ಲು. ಒಬ್ಬಟ್ಟು. ಇನ್ನೂ ಒಸಿ ಬಿಸಿ ಇತ್ತು. ಚೈತ್ರನಿಗೆ ಎರಡು ಕೊಟ್ಲು. ಆಮೇಲೆ, ಬೇಲೀನೂ ಕೇಳ್ದೆ, ಹಸೂನೂ ಕೇಳ್ದೆ, ಡಬ್ಬೀನ ನನ್ ಕಡೆ ಹಿಡುದ್ಲು. ತಗೊಂಡೆ. ತಿಂದೆ. ಬಾಯಿ ತುಂಬ ಒಬ್ಬಟ್ಟಿದ್ರೂ ನನ್ ನಾಲ್ಗೆ ಸುಮ್ಕಿರ್ಬೇಕಲ್ಲ.

"ಇನ್ನೆರಡು ಕೊಡಿ ಬೀಗಿತ್ತಿ, ಮನೇಲಿ ಲತಾ ಒಬ್ಳೇ ಅವ್ಳೆ" ಅಂದೆ. "ಆದ್ರೆ ತಗೊಂಡೋಗೋಕೆ ಡಬ್ಬಿ ತಂದಿಲ್ಲ ನಾನು."

ಆ ಯಮ್ಮ ಡಬ್ಬಿಯಿಂದ ತಲೆ ಎತ್ನಿಲ್ಲ. ಎರಡು ಒಬ್ಬಟ್ಟು ಆರ್ಸಿ, ಒಂದ್ರ ಮೇಲೊಂದು ಇಟ್ಟು, ಮಡ್ಚಿ ಹಿಡ್ಕೊಂಡು ಹೇಳುದ್ಲು:

"ಸೆರಗೈತಲ್ಲ, ಒಡ್ಡಿ ಬೀಗಿತ್ತಿ. ಇಪ್ಪತ್ತೈದು ವರ್ಷದಿಂದ ಪದ ಕಟ್ಟಿ ಮಡಗಿವ್ನಿ, ಹಾಡಾಕೆ ಒಂದು ಸೆರಗು ಸಿಕ್ಕಿರ್ನಿಲ್ಲ."